ಪೈಪು ಉದ್ದವಾಯಿತು, ಲೆಕ್ಕ ಹಾಗೇ ಉಳಿಯಿತು

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು. ಊರಿಗೆ ಕುಡಿಯುವ ನೀರು ಇಂಥ ಕೆರೆಗಳಿಂದಲೇ ಬರುತ್ತಿತ್ತು. 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಹೆಸರಘಟ್ಟದ ನೀರು ಕೊಳಾಯಿಗೆ ಬಂತು. 1920ರ ದಶಕದಲ್ಲಿ ಹೆಸರಘಟ್ಟ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಆಮೇಲೆ ಅದೂ ಸಾಲಲಿಲ್ಲ.

1964ರಲ್ಲಿ ಜಲಮಂಡಳಿ ಹುಟ್ಟಿತು. ಹತ್ತು ವರ್ಷಕ್ಕೆ ಕಾವೇರಿ ಬಂದಳು. ಬಂದಳು ಅನ್ನುವುದು ಸುಮ್ನೆ ಮಾತಿಗೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಹಾಗಾಗಿ ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲಿನದೇ ದೊಡ್ಡ ಪಾಲು.

ಇಲ್ಲೇ ಇರುವುದು ತಮಾಷೆ. ಕರೆಂಟಿನ ದರ ಏರಿಸಬೇಕಾದರೆ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಮುಂದೆ ಲೆಕ್ಕ ಇಡಬೇಕು, ಜನ ಆಕ್ಷೇಪಣೆ ಹಾಕಬಹುದು. ಬೆಂಗಳೂರಿನ ನೀರಿನ ದರಕ್ಕೆ ಅಂಥ ಆಯೋಗವಿಲ್ಲ. ಜಲಮಂಡಳಿ ಕೇಳಬೇಕು, ಸರ್ಕಾರ ಹೂಂ ಅನ್ನಬೇಕು. ಯಾವ ಸರ್ಕಾರ ತಾನೇ ಸಂತೋಷದಿಂದ ಹೂಂ ಅನ್ನುತ್ತದೆ? 2014ರಲ್ಲಿ ಏರಿದ ದರ ಮತ್ತೆ ಏರಿದ್ದು 2025ರ ಏಪ್ರಿಲ್‌ನಲ್ಲಿ. ಈ ನಡುವೆ ಕರೆಂಟಿನ ದರ ಎಷ್ಟು ಸಲ ಏರಿತೋ! ದೊಡ್ಡ ಯೋಜನೆಗೆ ಮಾತ್ರ ಸಾಲ ಸಿಗುತ್ತದೆ. ಕಾವೇರಿ ಯೋಜನೆಯ ನಾಲ್ಕನೇ ಹಂತದ ಎರಡನೇ ಭಾಗಕ್ಕೂ ಐದನೇ ಹಂತಕ್ಕೂ ಜಪಾನಿನ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿತು. ಸೋರುವ ಹಳೆ ಪೈಪು ಬದಲಿಸುವ ಕೆಲಸಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇರುವುದಿಲ್ಲ, ಅಲ್ವಾ?

ನಗರ ಯೋಜನೆಯ ಕಥೆಯೂ ಇಷ್ಟೇ. 2007ರಲ್ಲಿ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದರು. ಲೇಔಟ್‌ಗೆ ಮಂಜೂರಾತಿ ಕೊಡುವುದು ಒಬ್ಬರು, ನೀರು ಕೊಡಬೇಕಾದವರು ಇನ್ನೊಬ್ಬರು. ಅಪಾರ್ಟ್‌ಮೆಂಟ್ ಮೊದಲು ಎದ್ದಿತು, ನೀರಿನ ಮಾತು ಆಮೇಲೆ ಬಂತು. ಆ ಹಳ್ಳಿಗಳಿಗಾಗಿ ಮಾಡಿದ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್‌ನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ಜನ ಬೋರ್‌ವೆಲ್, ಟ್ಯಾಂಕರ್ ನಂಬಿ ಬದುಕಿದರು. ಅಂತರ್ಜಲಕ್ಕೆ 2011ರ ಕಾಯ್ದೆ ಇತ್ತು. ಆದರೂ ಬೋರ್‌ವೆಲ್ ಕೊರೆಯುವುದು ನಿಲ್ಲಲಿಲ್ಲ. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಕಟ್ಟಿದ್ದು 2024ರ ಬೇಸಿಗೆಯಲ್ಲಿ, ಬೋರ್‌ವೆಲ್‌ಗಳು ಸಾಲಾಗಿ ಬತ್ತಿದ ಮೇಲೆ.

2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಕಾವೇರಿ ನೀರನ್ನು ಹೆಚ್ಚುವರಿಯಾಗಿ ಕೊಟ್ಟಿತು. ಈಗ ಕಾವೇರಿ ಆರನೇ ಹಂತದ ಮಾತು ನಡೆದಿದೆ. ದರ ಯಾರು, ಯಾವ ಲೆಕ್ಕದ ಮೇಲೆ ಕಟ್ಟಬೇಕು ಎನ್ನುವ ಮಾತು ಮಾತ್ರ ಇನ್ನೂ ಶುರುವಾಗಬೇಕು.