ಪಂಕ್ಚರ್ ಆಗಿದ್ದು ಹಿಂದಿನ ಚಕ್ರ, ಸಣ್ಣ ಸ್ಟೆಪ್ನಿ ಹಾಕಬೇಕಾದದ್ದು ಮುಂದಕ್ಕೆ

ಮೈಸೂರಿನ ಹಿನಕಲ್ ಹತ್ತಿರದ ನಮ್ಮ ಗ್ಯಾರೇಜಿಗೆ ಕಳೆದ ತಿಂಗಳು ಮಂಡ್ಯದಿಂದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದು ಬಂತು. ಹಿಂದಿನ ಎಡಗಡೆ ಸಣಕಲು ಸ್ಟೆಪ್ನಿ, ಉಳಿದ ಮೂರೂ ಅಗಲವಾದ ಟೈರ್. ಹೊಸ ಟೈರ್ ಆರ್ಡರ್ ಮಾಡಿದ್ದರಂತೆ, ಬರುವುದು ತಡವಾಯಿತು, ಮೂರು ವಾರ ಹಾಗೇ ಓಡಿಸಿದ್ದರು. "ತಿರುಗಿಸ್ದಾಗ ಹಿಂದ್ಗಡೆ ಕಟಕಟ ಅಂತದೆ ಕಣಣ್ಣ" ಅಂದರು. ಹಿಂದಿನ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿದೆ. ಕಪ್ಪಗಾಗಿತ್ತು, ಸೀದ ವಾಸನೆ. ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದರೆ ಸಣ್ಣ ಲೋಹದ ಪುಡಿ ಮಿನುಗುತ್ತಿತ್ತು.

ಅವರನ್ನು ದೂರುವಂತಿಲ್ಲ. ಸ್ಟೆಪ್ನಿ ಮೇಲಿನ ಹಳದಿ ಸ್ಟಿಕ್ಕರ್‌ನಲ್ಲಿ 80 ಕಿ.ಮೀ. ವೇಗ ಮೀರಬೇಡಿ ಅಂತ ಇತ್ತು, ಅವರು ಮೀರಿರಲಿಲ್ಲ. ಯಾವ ಚಕ್ರಕ್ಕೆ ಹಾಕಬೇಕು ಅಂತ ಅದರಲ್ಲಿ ಬರೆದಿರಲಿಲ್ಲ.

ಎತ್ತಿನ ಗಾಡಿ ತಿರುಗುವುದನ್ನು ನೋಡಿದ್ದೀರಲ್ವಾ? ಹೊರಗಿನ ಚಕ್ರ ಜಾಸ್ತಿ ಸುತ್ತುತ್ತದೆ, ಒಳಗಿನದು ಕಡಿಮೆ. ಗಾಡಿಯಲ್ಲಿ ಎರಡೂ ಚಕ್ರ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುವುದರಿಂದ ತೊಂದರೆ ಇಲ್ಲ. ಕಾರಿನಲ್ಲಿ ಇಂಜಿನ್ನೇ ಚಕ್ರವನ್ನು ತಿರುಗಿಸಬೇಕು, ಅದಕ್ಕೇ ಈ ವ್ಯತ್ಯಾಸ ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇಟ್ಟಿದ್ದಾರೆ. ಮಾಮೂಲಿ ಡಿಫರೆನ್ಷಿಯಲ್ ಸ್ವಲ್ಪ ದೂರ ಹೇಗೋ ಸಹಿಸಿಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಲಿಮಿಟೆಡ್ ಸ್ಲಿಪ್, ಅಂದರೆ ಎರಡು ಚಕ್ರದ ವೇಗ ಬೇರೆಯಾಗಲು ಸುಲಭಕ್ಕೆ ಬಿಡದೆ ಹಿಡಿದುಕೊಳ್ಳುವಂಥದ್ದು. ಕೆಲವದರಲ್ಲಿ ಆ ಹಿಡಿತ ಬರುವುದು ಕ್ಲಚ್ ಪ್ಲೇಟ್‌ಗಳಿಂದ. ಒಂದು ಕಡೆ ಸಣ್ಣ ಚಕ್ರ ಇದ್ದರೆ ನೇರ ರಸ್ತೆಯಲ್ಲೂ ಆ ಪ್ಲೇಟ್‌ಗಳು ಬಿಡುವಿಲ್ಲದೆ ಉಜ್ಜುತ್ತಲೇ ಇರುತ್ತವೆ.

ಲೆಕ್ಕ ಹಾಕಿ ನೋಡಿ. 225/45 ಆರ್17 ಟೈರ್‌ನ ಎತ್ತರ ಸುಮಾರು 634 ಮಿ.ಮೀ. ಟಿ125/70 ಆರ್17 ಸ್ಟೆಪ್ನಿಯದು 607. ನೋಡಲು ಬರೀ 27 ಮಿ.ಮೀ. ವ್ಯತ್ಯಾಸ, ಆದರೆ ಒಂದು ಕಿಲೋಮೀಟರಿಗೆ ಸ್ಟೆಪ್ನಿ ಸುಮಾರು 23 ಸುತ್ತು ಜಾಸ್ತಿ ಸುತ್ತಬೇಕು. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಅಂದುಕೊಂಡರೆ ಸಾವಿರ ಸುತ್ತು. ಅವರು ಓಡಿಸಿದ್ದು ಮೂರು ವಾರ.

ಹಾಗಾಗಿ ಹಿಂದಿನ ಚಕ್ರ ಎಳೆಯುವ, ಅಂದರೆ ಇಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಇಂಥ ಕಾರಿನಲ್ಲಿ ಹಿಂದೆ ಪಂಕ್ಚರ್ ಆದರೆ ಎರಡು ಸಲ ಜಾಕಿ ಹಾಕಬೇಕು. ಮೊದಲು ಮುಂದಿನ ಒಳ್ಳೆಯ ಚಕ್ರ ಬಿಚ್ಚಿ ಅಲ್ಲಿಗೆ ಸ್ಟೆಪ್ನಿ ಹಾಕಿ, ಕಾರು ಇಳಿಸಿ. ಆಮೇಲೆ ಹಿಂದೆ ಎತ್ತಿ, ಪಂಕ್ಚರ್ ಆದದ್ದನ್ನು ತೆಗೆದು, ಮುಂದಿನಿಂದ ಬಿಚ್ಚಿದ್ದನ್ನು ಹಾಕಿ. ಹೆಚ್ಚು ಕಡಿಮೆ ಅರ್ಧ ಗಂಟೆ ಜಾಸ್ತಿ ಆಗುತ್ತದೆ, ಬಿಸಿಲಲ್ಲಿ ಬೇಜಾರಾಗುತ್ತದೆ, ಆದರೂ ಮಾಡಿ. ಇನ್ನೊಂದು ಕಾರಣವೂ ಇದೆ: ಹಿಂದೆ ಒಂದು ಕಡೆ ಹಿಡಿತ ಕಡಿಮೆಯಾದ ಶಕ್ತಿಶಾಲಿ ಕಾರು ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ತುಳಿದ ಕೂಡಲೇ ಗಿರಕಿ ಹೊಡೆಯಬಹುದು. ಮುಂದಿನ ಚಕ್ರ ಎಳೆಯುವ ಕಾರಾದರೆ ಇದೆಲ್ಲ ತಿರುಗಾಮುರುಗಾ, ಸ್ಟೆಪ್ನಿ ಹಿಂದಕ್ಕೆ. ನಾಲ್ಕೂ ಚಕ್ರ ಎಳೆಯುವುದಾದರೆ ಕಂಪನಿಯ ಮ್ಯಾನುಯಲ್ ಓದದೆ ಮುಟ್ಟಬೇಡಿ.

ಹಿಂದೆ ಮುಂದೆ ಟೈರ್ ಅಳತೆಯೇ ಬೇರೆ ಇರುವ ಕಾರುಗಳಿವೆ. ಅಂಥವಲ್ಲಿ ಅದಲುಬದಲು ಮಾಡಬಹುದಾ ಅಂತ ಇವತ್ತೇ ಮ್ಯಾನುಯಲ್‌ನಲ್ಲಿ ನೋಡಿಟ್ಟುಕೊಳ್ಳಿ. ಆಗಲ್ಲ ಅಂದರೆ ಕಾರನ್ನು ಲಾರಿ ಮೇಲೆ ಹೇರಿಸುವುದೇ ಸರಿ. ಎಕ್ಸ್‌ಪ್ರೆಸ್‌ವೇಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ, ತಡೆಬೇಲಿಯ ಆಚೆ ನಿಂತುಕೊಳ್ಳಿ.

ಬ್ರೇಕ್ ವಿಷಯದಲ್ಲಿ ಹುಷಾರು. ಹೊರಗಿನಿಂದ ದೊಡ್ಡ ಡಿಸ್ಕ್, ಅದನ್ನು ಅದುಮಿ ಹಿಡಿಯುವ ದೊಡ್ಡ ಕ್ಯಾಲಿಪರ್ ಹಾಕಿಸಿದವರು ಸ್ಟೆಪ್ನಿ ಕೂರುತ್ತದಾ ಅಂತ ನೋಡಿರುವುದೇ ಇಲ್ಲ. ಒಂದು ಕಾರಿನಲ್ಲಿ ನಾನೇ ಕಂಡಿದ್ದೇನೆ: ರಿಮ್ ಒಳಗೆ ಹೋಗುತ್ತದೆ, ಒಂದು ಬೆರಳಿನಷ್ಟು ಉಳಿದಾಗ ಕ್ಯಾಲಿಪರ್‌ಗೆ ತಾಗಿ ಟಣ್ ಅಂತ ನಿಲ್ಲುತ್ತದೆ. ನಟ್ ಬಿಗಿ ಮಾಡಿ ಎಳೆದುಕೊಳ್ಳೋಣ ಅಂತ ಹೋಗಬೇಡಿ. ಒಂದು ಭಾನುವಾರ ಮನೆ ಮುಂದೆ ಸುಮ್ನೆ ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಅಲಾಯ್ ಚಕ್ರದ ನಟ್‌ಗಳು ಸ್ಟೆಪ್ನಿಯ ಕಬ್ಬಿಣದ ರಿಮ್‌ಗೆ ಸರಿಯಾಗಿ ಕೂರುತ್ತವಾ ಅನ್ನುವುದೂ ಅವತ್ತೇ ಗೊತ್ತಾಗುತ್ತದೆ.

ಇನ್ನು ಗಾಳಿ. ಈ ಸಣ್ಣ ಸ್ಟೆಪ್ನಿಗೆ ಬೇಕಾದದ್ದು ಸಾಮಾನ್ಯವಾಗಿ 60 ಪಿಎಸ್‌ಐ, ಟೈರ್ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಹೊಡೆಯುವ ಹುಡುಗ ಅಭ್ಯಾಸಬಲದಿಂದ 32 ಹೊಡೆದು ಮುಚ್ಚಿಬಿಡುತ್ತಾನೆ, ನೀವು ಪಕ್ಕದಲ್ಲಿ ನಿಂತು ಅರವತ್ತು ಅಂತ ಹೇಳಬೇಕು. ಆ ಮಂಡ್ಯದ ಕಾರಿನದು ಮೀಟರ್ ಇಟ್ಟಾಗ 28 ತೋರಿಸಿತು, ಅಂದರೆ ಮೊದಲೇ ಚಿಕ್ಕದಾದ ಚಕ್ರ ಕೂತು ಇನ್ನೂ ಚಿಕ್ಕದಾಗಿತ್ತು. ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವಲ್ಲ, ಅದನ್ನೂ ಓದಿ. 3214 ಅಂದರೆ 2014ರ 32ನೇ ವಾರ ತಯಾರಾದದ್ದು. ಒಂದು ದಿನವೂ ಓಡಿರದಿದ್ದರೂ ರಬ್ಬರ್‌ಗೆ ವಯಸ್ಸಾಗಿರುತ್ತದೆ, ಹತ್ತು ವರ್ಷ ದಾಟಿದ್ದನ್ನು ನಾನಂತೂ ಹಾಕಿಕೊಡುವುದಿಲ್ಲ.

ಸ್ಟೆಪ್ನಿ ಅನ್ನುವ ಪದ ಬಂದದ್ದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಸುಮಾರಿಗೆ ಅಲ್ಲಿ ತಯಾರಾದದ್ದು ಅರೆಕಾಲು ಇಲ್ಲದ ಬರೀ ಬಳೆಯಂಥ ಚಕ್ರ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಕಚ್ಚಿಸಿಕೊಂಡು ಮನೆ ಸೇರುವುದಕ್ಕೆ. ಈಗಿನ ಸಣ್ಣ ಸ್ಟೆಪ್ನಿಯ ಕೆಲಸವೂ ಅಷ್ಟೇ, ಮನೆಗೋ ಟೈರ್ ಅಂಗಡಿಗೋ ಮುಟ್ಟಿಸುವುದು. 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಟೈರಿನ ಪಕ್ಕ ಸೀಳಿದರೆ ಕಿಟ್‌ನ ಅಂಟು ನಿಲ್ಲುವುದಿಲ್ಲ. ನನ್ನ ಕೇಳಿದರೆ ಸ್ಟೆಪ್ನಿ ಇರಲಿ.

ಒಂದು ಹಳೇ ಬೆಡ್‌ಶೀಟನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಸಣ್ಣ ಸ್ಟೆಪ್ನಿ ಇದ್ದ ಗುಂಡಿಗೆ ಪಂಕ್ಚರ್ ಆದ ಅಗಲ ಚಕ್ರ ಹಿಡಿಯುವುದಿಲ್ಲ, ಎರಡು ಸೀಟಿನ ಕಾರಿನಲ್ಲಿ ಅದು ಪಕ್ಕದ ಸೀಟಿನ ಮೇಲೇ ಕೂರಬೇಕು, ಜೊತೆಗಿದ್ದವರು ಬಸ್ಸಿಗೆ ಬರಬೇಕು.