ಪ್ರಾಜೆಕ್ಟ್ ಮುಗಿಸುವುದೋ, ಕೈಬಿಡುವುದೋ?

ಕೊಲಂಬಿಯಾದ ರಾಜಧಾನಿ ಬೊಗೊಟಾದ ಒಬ್ಬ ಅಕೌಂಟೆಂಟ್ ನನ್ನ ಆನ್‌ಲೈನ್ ಇಂಗ್ಲಿಷ್ ಕ್ಲಾಸಿಗೆ ಬರುತ್ತಾರೆ. ಅವರ ಮನೆಮಾತು ಸ್ಪ್ಯಾನಿಷ್. ಈಚೆಗೆ ಅಮೆರಿಕದ ಕ್ಲೈಂಟ್‌ಗೆ ಒಂದು ಮೇಲ್ ಕಳಿಸಿದ್ದರು. ‘ಶುಕ್ರವಾರ ಈ ಪ್ರಾಜೆಕ್ಟನ್ನು ಟರ್ಮಿನೇಟ್ ಮಾಡುತ್ತೇವೆ’ ಅಂತ ಅದರಲ್ಲಿತ್ತು. ಹತ್ತೇ ನಿಮಿಷಕ್ಕೆ ಆ ಕಡೆಯಿಂದ ಗಾಬರಿಯ ಫೋನ್. ಇವರು ಹೇಳಬೇಕೆಂದಿದ್ದು ಶುಕ್ರವಾರಕ್ಕೆ ಕೆಲಸ ಮುಗಿಯುತ್ತದೆ ಅಂತ, ಅಷ್ಟೇ.

ಸ್ಪ್ಯಾನಿಷಿನಲ್ಲಿ ಮುಗಿಸುವುದಕ್ಕೆ ‘ತೆರ್ಮಿನಾರ್’ ಅನ್ನುತ್ತಾರೆ. ಊಟ ಮುಗಿಸಿದರೂ ಅದೇ ಪದ, ಹೋಂವರ್ಕ್ ಮುಗಿಸಿದರೂ ಅದೇ. ಇಂಗ್ಲಿಷ್ ಆಫೀಸಿನಲ್ಲಿ ಟರ್ಮಿನೇಟ್ ಅಂದರೆ ಕೆಲಸದಿಂದ ತೆಗೆಯುವುದು, ಒಪ್ಪಂದ ರದ್ದು ಮಾಡುವುದು. ಇದನ್ನು ಅಜಾಗರೂಕತೆ ಅನ್ನಲು ನನಗೆ ಮನಸ್ಸಿಲ್ಲ. ಅವರು ತಮಗೆ ಚೆನ್ನಾಗಿ ಗೊತ್ತಿರುವ ಪದವನ್ನೇ ಬಳಸಿದ್ದರು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ತುಂಬಾ ಕಾಲ ಅರಮನೆಯಲ್ಲೂ ಕೋರ್ಟಿನಲ್ಲೂ ಫ್ರೆಂಚ್ ನಡೆಯಿತು, ಅದರ ಪದಗಳು ಇಂಗ್ಲಿಷಿಗೂ ಬಂದವು. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ 1362ರಲ್ಲಿ ಕಾನೂನೇ ತರಬೇಕಾಯಿತು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಎರಡೂ ಲ್ಯಾಟಿನ್ನಿನಿಂದ ಬಂದವು. ಹಾಗಾಗಿ ಬೊಗೊಟಾದಲ್ಲಿ ಮಕ್ಕಳೂ ಆಡುವ ಎಷ್ಟೋ ಪದಗಳು ಇಂಗ್ಲಿಷಿನಲ್ಲಿ ಕೋರ್ಟಿನ ಗತ್ತು ಹೊತ್ತಿವೆ. ‘ಕೊಮೆನ್ಸಾರ್’ ಅಂದರೆ ಸುಮ್ನೆ ಶುರು ಮಾಡುವುದು. ಇಂಗ್ಲಿಷಿನ ‘ಕಮೆನ್ಸ್’ ಸರ್ಕಾರಿ ಆದೇಶದಲ್ಲಿ ಬರುವಂಥ ಪದ. ಮನೆಗೆ ಬಂದವರಿಗೆ ‘ಬನ್ನಿ, ಕೂತ್ಕೊಳ್ಳಿ’ ಅನ್ನುವ ಬದಲು ‘ಆಗಮಿಸಿ, ಆಸೀನರಾಗಿ’ ಅಂದರೆ ಹೇಗಿರುತ್ತದೆ ಹೇಳಿ. ತಪ್ಪೇನಿಲ್ಲ, ಆದರೆ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ.

ಆಫೀಸಿನಲ್ಲಿ ಇದರ ಪೆಟ್ಟು ಜಾಸ್ತಿ. ‘ಈ ಇನ್ವಾಯ್ಸನ್ನು ಇನ್ವೆಸ್ಟಿಗೇಟ್ ಮಾಡಿ’ ಅಂತ ಮೇಲ್ ಬಂದರೆ ಓದಿದವರಿಗೆ ಯಾರೋ ಮೋಸ ಮಾಡಿದ್ದಾರೆ ಅನ್ನಿಸುತ್ತದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಲುಕ್ ಇಂಟು’, ಸ್ವಲ್ಪ ನೋಡಿ ಅಂತ. ಹಾಗೇ ಸ್ಪ್ಯಾನಿಷಿನ ‘ಆಕ್ತುಆಲ್ಮೆಂತೆ’ ಅಂದರೆ ‘ಸದ್ಯಕ್ಕೆ’. ಅದನ್ನು ‘ಆಕ್ಚುಯಲಿ’ ಮಾಡಿಬಿಟ್ಟರೆ ಎದುರಿನವರ ಮಾತನ್ನು ತಿದ್ದಿದಂತೆ ಕೇಳುತ್ತದೆ. ಎಷ್ಟೋ ಸ್ನೇಹಜೀವಿಗಳು ಮೇಲ್‌ನಲ್ಲಿ ಹೀಗೆ ಬಿರುಸಾಗಿ ಕಾಣುವುದು ನೋಡಿ ನನಗೆ ಸಂಕಟವಾಗುತ್ತದೆ.

ಅದಕ್ಕೇ ನಾನು ‘ಗೆಟ್’, ‘ಪುಟ್’ ಮುಂದೆ ‘ಅಪ್’, ‘ಆಫ್’ ಥರದ್ದು ಸೇರಿಸಿ ಮಾಡಿದ ಉದ್ದದ ಪಟ್ಟಿಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಅವರೇ ಕಳಿಸಿದ ಹತ್ತು ಮೇಲ್ ತರಿಸುತ್ತೇನೆ. ಸ್ಪ್ಯಾನಿಷ್ ಪದದಂತೆ ಕಾಣುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತೇವೆ. ಪಕ್ಕದ ಸೀಟಿನವರ ಹತ್ತಿರ ಕಾಫಿ ಕುಡಿಯುತ್ತಾ ಈ ಪದ ಹೇಳುತ್ತೀರಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಅದರ ಮುಂದೆ ಆಡುಮಾತಿನ ಪದ ಬರೆಯುವುದು. ‘ಪೊಸ್ಪೊನೆರ್’ (ಮುಂದೂಡುವುದು) ಎದುರು ‘ಪುಟ್ ಆಫ್’, ‘ತೊಲೆರಾರ್’ (ಸಹಿಸಿಕೊಳ್ಳುವುದು) ಎದುರು ‘ಪುಟ್ ಅಪ್ ವಿತ್’. ತಾವೇ ಬರೆದ ವಾಕ್ಯದಲ್ಲಿ ಸಿಕ್ಕ ಪದ ಮರೆಯುವುದಿಲ್ಲ. ಕರಾರು ಪತ್ರ ಬರೆಯುವಾಗ ಮಾತ್ರ ‘ಟರ್ಮಿನೇಟ್’ ಇರಲಿ, ಅಲ್ಲಿ ಅದು ಬೇಕು.

ವ್ಯಾಕರಣದಲ್ಲಿ ನನಗೆ ಕನ್ನಡವೇ ದಾರಿ ತೋರಿಸಿತು. ಸ್ಪ್ಯಾನಿಷಿನ ‘ಮೆ ಗುಸ್ತಾ ಎಲ್ ಕಾಫೆ’ ಅನ್ನುವುದು ನಮ್ಮ ‘ನನಗೆ ಕಾಫಿ ಇಷ್ಟ’ ಇದ್ದ ಹಾಗೇ ಇದೆ. ಕಾಫಿ ಮುಖ್ಯ, ನಾನು ‘ನನಗೆ’ ಆಗಿ ಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಮಾತ್ರ ‘ಐ’ ಮುಂದೆ ಬಂದು ನಿಲ್ಲಬೇಕು. ನಾವು ‘ನಾಳೆ ಬರ್ತೀನಿ’ ಅಂದರೆ ‘ನಾನು’ ಬೇಕಿಲ್ಲ, ಅಲ್ವಾ? ಸ್ಪ್ಯಾನಿಷಿನವರಿಗೂ ಬೇಕಿಲ್ಲ. ಅದಕ್ಕೇ ‘ಇಟ್’ ಬಿಟ್ಟು ‘ಈಸ್ ಇಂಪಾರ್ಟೆಂಟ್’ ಅಂತ ಬರೆಯುತ್ತಾರೆ. ‘ದಿ’ ವಿಷಯದಲ್ಲಿ ಮಾತ್ರ ನಮ್ಮದೂ ಅವರದೂ ಉಲ್ಟಾ. ನಾವು ಬೇಕಾದಲ್ಲೂ ಬಿಡುತ್ತೇವೆ, ಅವರು ‘ದಿ ಲೈಫ್ ಈಸ್ ಹಾರ್ಡ್’ ಅಂತ ಬೇಡದಲ್ಲೂ ಸೇರಿಸುತ್ತಾರೆ.

ಮರ್ಯಾದೆಯ ವಿಷಯಕ್ಕೆ ಬಂದರೆ ಅವರಿಗೂ ನಮ್ಮಂತೆ ನೀನು, ನೀವು ಇವೆ: ‘ತೂ’, ‘ಉಸ್ತೆದ್’. ಬೊಗೊಟಾದಲ್ಲಂತೂ ಮನೆಯವರ ನಡುವೆಯೂ ‘ಉಸ್ತೆದ್’ ಕೇಳಿಬರುತ್ತದೆ. ‘ಕಳಿಸಿ’ ಅನ್ನುವ ಒಂದೇ ಪದದಲ್ಲಿ ಗೌರವ ಕೂತಿದೆ, ಸ್ಪ್ಯಾನಿಷಿನಲ್ಲೂ ಹಾಗೇ. ಅದು ಇಂಗ್ಲಿಷಿಗೆ ಹೋಗಿ ಬರೀ ‘ಸೆಂಡ್’ ಆದಾಗ ಗೌರವ ಉದುರಿಹೋಗಿರುತ್ತದೆ. ಅದನ್ನು ‘ಕುಡ್ ಯು’ ಸೇರಿಸಿ ಮರಳಿ ತರಬೇಕು.

ಕೊನೆಗೆ ದುಡ್ಡು. ಇಂಗ್ಲಿಷಿನ ಬಿಲಿಯನ್ ಅಂದರೆ ನೂರು ಕೋಟಿ. ಸ್ಪ್ಯಾನಿಷಿನ ‘ಬಿಯೋನ್’ ಅಂದರೆ ಒಂದು ಲಕ್ಷ ಕೋಟಿ, ಸಾವಿರ ಪಟ್ಟು ಹೆಚ್ಚು. ಕೊಲಂಬಿಯಾದಲ್ಲಿ ಒಂದೂವರೆ ಸಾವಿರವನ್ನು 1.500 ಅಂತ ಬರೆಯುವುದು ವಾಡಿಕೆ. ಅಮೆರಿಕದವರ ಕಣ್ಣಿಗೆ ಅದು ಒಂದೂವರೆ. ಆ ಅಕೌಂಟೆಂಟ್ ಈಗ ಮೇಲ್ ಕಳಿಸುವ ಮುಂಚೆ ಮೊತ್ತವನ್ನು ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ ಬರೆಯುತ್ತಾರೆ. ಅಕ್ಷರದಲ್ಲಿ ಬರೆದದ್ದನ್ನು ಜೋರಾಗಿ ಓದಿ ನೋಡಿದ ಮೇಲೇ ಕಳಿಸುವುದು.