ಯಾರ ಜೊತೆ ಯಾರನ್ನು ಕೂರಿಸಬೇಕು?

ಲಾಕ್‌ಡೌನ್ ಕಾಲ. ಪಿಯುಸಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದೆ. ಒಂದು ದಿನ ಸುಲಭ ಅನ್ನಿಸುವ ಪ್ರಶ್ನೆ ಕೊಟ್ಟೆ: ಮೇಲಕ್ಕೆ ಎಸೆದ ಚೆಂಡು ತುತ್ತತುದಿಗೆ ಹೋದ ಆ ಕ್ಷಣದಲ್ಲಿ ಅದರ ಮೇಲೆ ಬಲ ಇರುತ್ತದೋ ಇಲ್ಲವೋ? ಚರ್ಚೆ ಮಾಡಲಿ ಅಂತ ರೋಲ್ ನಂಬರ್ ಪ್ರಕಾರ ಹತ್ತು ಹತ್ತು ಜನರನ್ನು ಒಂದೊಂದು ಬ್ರೇಕ್‌ಔಟ್ ರೂಮ್‌ಗೆ, ಅಂದರೆ ಆನ್‌ಲೈನ್ ಕ್ಲಾಸ್‌ನೊಳಗೇ ಗುಂಪು ಗುಂಪಾಗಿ ಮಾತಾಡುವ ಚಿಕ್ಕ ಕೋಣೆಗೆ, ಕಳಿಸಿದೆ.

ಐದು ನಿಮಿಷ ಬಿಟ್ಟು ನಾಲ್ಕನೇ ರೂಮ್‌ಗೆ ಹೋಗಿ ನೋಡಿದರೆ ಹತ್ತು ಕಪ್ಪು ಚೌಕ. ಎಲ್ಲರೂ ಮ್ಯೂಟ್. ಚಾಟ್‌ನಲ್ಲಿ ಒಂದೇ ಸಾಲು: 'ಮಿಸ್, ಆನ್ಸರ್ ಬಿ ಅಂತೆ.'

ಆ 'ಅಂತೆ' ನನ್ನನ್ನು ತುಂಬಾ ಕಾಡಿತು. ಯಾರೋ ಒಬ್ಬರು ಹೇಳಿದ್ದಾರೆ, ಉಳಿದವರು ಹೂಂ ಅಂದಿದ್ದಾರೆ. ಅದೂ ತಪ್ಪು ಉತ್ತರ. ಬಿ ಅಂದರೆ 'ಬಲ ಸೊನ್ನೆ'.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಗುಂಪು ದೊಡ್ಡದಾದರೆ ಹೀಗಾಗುವುದು ಸಹಜ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ನೋಡಿದ್ದರು, 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. ಕ್ಯಾಮೆರಾ ಆಫ್ ಇದ್ದರಂತೂ ಕೇಳುವುದೇ ಬೇಡ, ಹಗ್ಗ ಹಿಡಿದಿದ್ದಾರಾ ಅಂತಲೇ ಗೊತ್ತಾಗುವುದಿಲ್ಲ. ತರಗತಿಯೊಳಗಿನ ಗುಂಪುಗಳ ಬಗ್ಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಕೆನಡಾದ ಸಂಶೋಧಕರು 1996ರಲ್ಲಿ ಒಟ್ಟುಗೂಡಿಸಿ ನೋಡಿದಾಗಲೂ, ಮೂರು ನಾಲ್ಕು ಜನರ ಗುಂಪೇ ಚೆನ್ನಾಗಿ ಕಲಿಯುತ್ತದೆ ಅಂತ ಕಂಡಿತು.

ಸರಿ, ನಾಲ್ಕು ಜನ. ಆದರೆ ಯಾವ ನಾಲ್ಕು?

ನಮ್ಮಲ್ಲಿ ಸಾಮಾನ್ಯವಾಗಿ ಮಾರ್ಕ್ಸ್ ನೋಡುತ್ತೇವೆ. ಜಾಣರೊಬ್ಬರು, ಹಿಂದುಳಿದವರೊಬ್ಬರು, ನಡುವಿನವರಿಬ್ಬರು. ಇದರಲ್ಲಿ ಒಂದು ತೊಡಕಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ನೊರೀನ್ ವೆಬ್ ಮಕ್ಕಳ ಗುಂಪುಗಳ ಮಾತುಕತೆಯನ್ನು ವರ್ಷಗಟ್ಟಲೆ ಗಮನಿಸಿದವರು. ಇಂಥ ಗುಂಪಿನಲ್ಲಿ ಜಾಣರು ಮೇಷ್ಟ್ರಾಗುತ್ತಾರೆ, ಹಿಂದುಳಿದವರು ಶಿಷ್ಯರಾಗುತ್ತಾರೆ, ನಡುವಿನ ಮಕ್ಕಳು ಸುಮ್ನೆ ಕೂತುಬಿಡುತ್ತಾರೆ. ಅವರು ಕಂಡ ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ: ಬೇರೆಯವರಿಗೆ ಬಿಡಿಸಿ ವಿವರಿಸುವವರು ಜಾಸ್ತಿ ಕಲಿಯುತ್ತಾರೆ. ಬರೀ ಉತ್ತರ ಕೇಳಿ ಬರೆದುಕೊಂಡವರಿಗೆ ಹೆಚ್ಚೇನೂ ದಕ್ಕುವುದಿಲ್ಲ.

ಹಾಗಾದರೆ ಎಲ್ಲರಿಗೂ ವಿವರಿಸುವ ಅಗತ್ಯ ಬರುವಂತೆ ಮಾಡುವುದು ಹೇಗೆ? 2015ರಲ್ಲಿ ಪ್ರಕಟವಾದ ಟಾಕ್‌ಅಬೌಟ್ ಪ್ರಯೋಗ ಇದಕ್ಕೊಂದು ದಾರಿ ತೋರಿಸಿತು. ಜಗತ್ತಿನ ಎಲ್ಲೆಲ್ಲಿಂದಲೋ ಜನ ಸೇರುವ ದೊಡ್ಡ ಆನ್‌ಲೈನ್ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ವಿಡಿಯೋದಲ್ಲಿ ಮಾತಾಡಲು ಬಿಟ್ಟರು. 14 ಕೋರ್ಸ್, 5,000ಕ್ಕೂ ಹೆಚ್ಚು ಜನ. ಅದರಲ್ಲಿ ಎರಡು ಕೋರ್ಸ್‌ಗಳ 2,670 ವಿದ್ಯಾರ್ಥಿಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಒಂದು ಗುಂಪಿನಲ್ಲಿ ಹೆಚ್ಚು ಹೆಚ್ಚು ದೇಶಗಳವರು ಸೇರಿದಷ್ಟೂ, ಆಮೇಲಿನ ಪರೀಕ್ಷೆಯಲ್ಲಿ ಅವರು ಚೆನ್ನಾಗಿ ಮಾಡಿದ್ದರು.

ನನಗಂತೂ ಇದು ಬಹಳ ಹಿಡಿಸಿತು. ಒಂದೇ ಊರಿನವರಾದರೆ 'ಗೊತ್ತಲ್ಲ, ಅದೇ' ಅಂದರೆ ಮುಗಿಯಿತು. ನಮ್ಮ ಮನೆಯ ರೂಢಿ ಗೊತ್ತೇ ಇಲ್ಲದವರ ಎದುರು ಕೂತರೆ ಮೊದಲಿಂದ ಹೇಳಬೇಕು. ಹೇಳುತ್ತಾ ಹೇಳುತ್ತಾ ನಮಗೇ ಸರಿಯಾಗಿ ಗೊತ್ತಿಲ್ಲದ ಜಾಗ ಸಿಕ್ಕಿಬೀಳುತ್ತದೆ.

ಗುಂಪಿನಲ್ಲಿ ಜಾಣರೊಬ್ಬರು ಇರಲೇಬೇಕು ಅಂತಲೂ ಇಲ್ಲ. ಕೊಲರಾಡೋ ವಿಶ್ವವಿದ್ಯಾಲಯದ ಜೆನೆಟಿಕ್ಸ್ ಕ್ಲಾಸ್‌ನಲ್ಲಿ ನಡೆದ ಅಧ್ಯಯನ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಶುರುವಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿಲ್ಲದ ಗುಂಪುಗಳೂ ಮಾತಾಡಿ ಮಾತಾಡಿ ಸರಿ ಉತ್ತರಕ್ಕೆ ಬರಬಹುದು ಅಂತ ಅದರಲ್ಲಿ ಗೊತ್ತಾಯಿತು.

ನನ್ನ ಕ್ಲಾಸ್‌ನಲ್ಲಿ ಬೇರೆ ಬೇರೆ ದೇಶದವರು ಎಲ್ಲಿಂದ ಬರಬೇಕು? ಆದರೆ ಬೇರೆ ಬೇರೆ ಉತ್ತರ ಇತ್ತಲ್ಲ! ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಿಂದಲೇ ಇದನ್ನು ಮಾಡಿಸುತ್ತಿದ್ದರು. ಮೊದಲು ಒಬ್ಬೊಬ್ಬರೇ ಉತ್ತರ ಕೊಡಿ, ಆಮೇಲೆ ನಿಮ್ಮದಲ್ಲದ ಉತ್ತರ ಕೊಟ್ಟವರ ಜೊತೆ ಮಾತಾಡಿ. ಶಾಲೆಯ ಕೋಣೆಯಲ್ಲಿ ಅಕ್ಕಪಕ್ಕದ ಬೆಂಚಿನ ಗೆಳೆಯರೇ ಸಿಗುತ್ತಾರೆ. ಆನ್‌ಲೈನ್‌ನಲ್ಲಿ ಬೆಂಚೇ ಇಲ್ಲ, ಯಾರನ್ನು ಯಾರ ಜೊತೆ ಬೇಕಾದರೂ ಸೇರಿಸಬಹುದು.

ಮುಂದಿನ ವಾರ ಅದೇ ಪ್ರಶ್ನೆ ಕೊಟ್ಟೆ. ಎಲ್ಲರೂ ಉತ್ತರವನ್ನು ನನಗೊಬ್ಬಳಿಗೇ ಕಳಿಸಿದರು. ಬಿ ಅಂದವರಿಬ್ಬರು, ಸಿ (ಅಂದರೆ 'ಬಲ ಇದೆ') ಅಂದವರಿಬ್ಬರು ಹಾಗೆ ನಾಲ್ಕು ನಾಲ್ಕು ಜನರ ರೂಮ್ ಮಾಡಿದೆ. ಮಾರ್ಕ್ಸ್ ಪಟ್ಟಿ ತೆಗೆದು ನೋಡಲೇ ಇಲ್ಲ. ಒಂದು ರೂಮ್‌ಗೆ ಹೋದಾಗ ಮಾತು ಜೋರಾಗಿಯೇ ನಡೆದಿತ್ತು.

"ಬಾಲ್ ನಿಂತೇ ಬಿಡ್ತಲ್ಲ, ಇನ್ನೆಲ್ಲಿಂದ ಬರುತ್ತೆ ಬಲ?"

"ಬಲ ಇಲ್ಲ ಅಂದ್ರೆ ಅದು ಅಲ್ಲೇ ಇರಬೇಕಿತ್ತು ಕಣೋ. ಮತ್ತೆ ಕೆಳಗೆ ಯಾಕೆ ಬಂತು?"

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೈಕ್ ಆನ್ ಇತ್ತು, ಹಿಂದೆ ಯಾರದೋ ಮನೆಯ ಕುಕ್ಕರ್ ಕೂಗಿತು. ನಾನು ಬಾಯಿ ಬಿಡದೆ ಹೊರಗೆ ಬಂದೆ.

ಸಮಯ ಮುಗಿದ ಮೇಲೆ ಚಾಟ್‌ನಲ್ಲಿ ಅವನ ಸಾಲು ಬಂತು: 'ಮಿಸ್, ಆನ್ಸರ್ ಸಿ. ಯಾಕಂದ್ರೆ...' ಉಳಿದದ್ದನ್ನು ಅವನು ಇನ್ನೂ ಟೈಪ್ ಮಾಡುತ್ತಿದ್ದ.